ಪುರುಸೊತ್ತಿಲ್ಲದ ಸಾಹುಕಾರರು: ಒಂದು ಅಡಿಕೆ ಷೆಡ್ಡಿನ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ಸಂಸ್ಕರಣಾ ಘಟಕ. ಸುತ್ತಲಿನ ಅರವತ್ತು ತೋಟಗಳಿಂದ ಹಸಿ ಅಡಿಕೆ ಕೊಂಡು, ಸುಲಿಸಿ, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೆ ಕಳಿಸುವುದು ಇವರ ವ್ಯಾಪಾರ. ನಾಲ್ಕು ಸುಲಿಯುವ ಮೆಷಿನ್, ಎರಡು ಹಂಡೆ, ಒಣಗಿಸಲು ಮುಕ್ಕಾಲು ಎಕರೆ ಅಂಗಳ. ಲೆಕ್ಕ ಬರೆಯುವ ಒಬ್ಬ ರೈಟರ್, ಒಬ್ಬ ಮೇಸ್ತ್ರಿ, ಹಂಗಾಮಿನಲ್ಲಿ ಮೂವತ್ತೈದು ಜನ ಕೆಲಸಕ್ಕೆ. ಮಾಲೀಕರಿಗೆ ಐವತ್ತರ ಹತ್ತಿರ ವಯಸ್ಸು, ತಂದೆಯ ಕಾಲದಿಂದ ಬಂದ ಕಸುಬು. ಇವರು ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ; ಮಲೆನಾಡಿನ ಇಂಥ ಘಟಕಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನು ಒಂದೇ ಪ್ರಕರಣವಾಗಿ ಕಟ್ಟಿದೆ. ಇಲ್ಲಿನ ಅಂಕಿಗಳು ಲೆಕ್ಕ ಹಾಕುವ ಬಗೆ ತೋರಿಸುವುದಕ್ಕೆ.

ತೊಂದರೆ ಹೇಳಿಕೊಳ್ಳುವಾಗ ಮಾಲೀಕರು ಬಳಸಿದ್ದು ಒಂದೇ ಮಾತು: "ಉಸಿರಾಡಕ್ಕೆ ಪುರುಸೊತ್ತಿಲ್ಲ ಮಾರಾಯ್ರೇ." ಬೆಳಗ್ಗೆ ಏಳಕ್ಕೆ ಷೆಡ್ಡಿಗೆ ಬಂದರೆ ರಾತ್ರಿ ಎಂಟಕ್ಕೂ ಅಲ್ಲೇ. ಇನ್ನೊಬ್ಬ ರೈಟರನ್ನು ಇಟ್ಟುಕೊಳ್ಳಬೇಕೆ, ಮಗನನ್ನು ಬೆಂಗಳೂರಿನ ಕೆಲಸ ಬಿಡಿಸಿ ಕರೆಸಬೇಕೆ ಎಂಬ ಪ್ರಶ್ನೆಯವರೆಗೂ ಮಾತು ಹೋಗಿತ್ತು. ಎರಡಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿತ್ತು. ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಬರೆದು ನೋಡುವುದು.

ಎರಡು ವಾರದ ದಾಖಲೆ

ಅಕ್ಟೋಬರ್ ಎರಡನೇ ಪಾಕ್ಷಿಕದಲ್ಲಿ ಹದಿನಾಲ್ಕು ದಿನ ಬರೆದದ್ದು. ಆಪ್ ಬೇಡ ಎಂದಾಯಿತು, ತೊಗರು (ಅಡಿಕೆಯ ಕೆಂಪು ರಸ) ಹತ್ತಿದ ಕೈಯಲ್ಲಿ ಮೊಬೈಲ್ ಒತ್ತುತ್ತಾ ಕೂರುವುದು ಆಗದ ಮಾತು. ಅಂಗಿ ಜೇಬಿಗೆ ಹಿಡಿಸುವ ಒಂದು ಪುಸ್ತಕ, ದಿನಕ್ಕೊಂದು ಪುಟ, ಪುಟಕ್ಕೆ ಕಾಲು ಗಂಟೆಯ 52 ಗೆರೆ. ಕೆಲಸಕ್ಕೊಂದು ಅಕ್ಷರ: ಫೋನಿಗೆ ಫೋ, ಷೆಡ್ಡಿಗೆ ಷೆ, ಶಿವಮೊಗ್ಗಕ್ಕೆ ಶಿ, ಹೀಗೆ. ದಿನಕ್ಕೆ ಐದು ಸಲ, ಅಂದರೆ ಎರಡೂವರೆ ಗಂಟೆಗೊಮ್ಮೆ ತುಂಬಬೇಕು.

ಇಲ್ಲೇ ಮೊದಲ ಎಡವಟ್ಟು. ಮೊದಲ ಎರಡು ದಿನ ಅವರು ರಾತ್ರಿ ಊಟವಾದ ಮೇಲೆ ನೆನಪು ಮಾಡಿಕೊಂಡು ಬರೆದರು. ಆ ಪುಟಗಳಲ್ಲಿ ತೋಟ ನೋಡಿದ್ದು ಮೂರು ಗಂಟೆ, ಫೋನು ಒಂದು ಗಂಟೆ. ಮೊಬೈಲಿನ ಕರೆಪಟ್ಟಿ ತೆಗೆದು ಕೂಡಿಸಿದರೆ ಅದೇ ದಿನ ಫೋನಿಗೆ ಹೋದದ್ದು ಎರಡು ಮುಕ್ಕಾಲು ಗಂಟೆ. ಸುಳ್ಳು ಬರೆದದ್ದಲ್ಲ. ದೊಡ್ಡ ಕೆಲಸ ಮನಸ್ಸಿನಲ್ಲಿ ಉಳಿಯುತ್ತದೆ, ಎರಡು ನಿಮಿಷದ ಕರೆ ಉಳಿಯುವುದಿಲ್ಲ. ಆ ಎರಡು ಪುಟ ಹರಿದು ಮತ್ತೆ ಒಂದರಿಂದ ಶುರು ಮಾಡಿಸಬೇಕಾಯಿತು.

ಹದಿನಾಲ್ಕು ದಿನ, ದಿನಕ್ಕೆ 13 ಗಂಟೆ, ಒಟ್ಟು 182 ಗಂಟೆ. ಹಂಚಿಕೆ ಹೀಗಿತ್ತು:

ದರ, ಬಾಕಿ, ತೂಕ ಕೇಳುವ ಫೋನ್: 39
ಷೆಡ್ಡಿನ ಒಳಗಿನ ತಕರಾರು, ಕೂಲಿ, ಮೆಷಿನ್ ರಿಪೇರಿ: 31
ಶಿವಮೊಗ್ಗ ಓಡಾಟ, ಐದು ಸಲ: 30
ಬಂದವರ ಜೊತೆ ಮಾತು: 24
ಚೆಕ್, ಬಿಲ್, ಆಡಿಟರು: 19
ಊಟ, ಮದುವೆ ಮನೆ, ದೇವಸ್ಥಾನದ ಸಮಿತಿ, ಸೊಸೈಟಿ ಮೀಟಿಂಗು: 16
ತೋಟ ನೋಡಿ ದರ ಕಟ್ಟುವುದು: 9
ಬೆಂದ ಹದ, ಒಣಗಿದ ಮಾಲಿನ ಪರೀಕ್ಷೆ: 8
ಯಾವಾಗ, ಯಾರಿಗೆ ಮಾರುವುದು ಎಂಬ ತೀರ್ಮಾನ: 6

ಪಟ್ಟಿಯ ಕೊನೆಯ ಮೂರು ಸಾಲು ನೋಡಿ ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರೇ ಮಾಡಬೇಕಾದ, ಬೇರೆಯವರಿಂದ ಆಗದ ಕೆಲಸ ಆ ಮೂರೇ. ಮೂರೂ ಸೇರಿ 23 ಗಂಟೆ, ನೂರಕ್ಕೆ ಹದಿಮೂರೂ ಇಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಹೇಳಲು ಆಧಾರ ಉಂಟು. ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ಕೆನಡಾದ ವಿದ್ವಾಂಸರು ಐವರು ಮುಖ್ಯಾಧಿಕಾರಿಗಳ ಬೆನ್ನ ಹಿಂದೆಯೇ ಇದ್ದು ಅವರ ದಿನಗಳನ್ನು ದಾಖಲಿಸಿ 1973ರಲ್ಲಿ ಪ್ರಕಟಿಸಿದಾಗ, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ನಡೆದಿರಲಿಲ್ಲ. 2018ರಲ್ಲಿ ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ ಪ್ರಕಟಿಸಿದ 27 ಸಿಇಒಗಳ ಅಧ್ಯಯನದಲ್ಲಿ ವಾರಕ್ಕೆ ಸರಾಸರಿ 62.5 ಗಂಟೆ ಕೆಲಸ, ಅದರಲ್ಲಿ ನೂರಕ್ಕೆ 72 ಭಾಗ ಮೀಟಿಂಗು. ಅವರಿಗೆ ಮೀಟಿಂಗು, ಇವರಿಗೆ "ಇವತ್ತು ಎಷ್ಟು ಹಾಕ್ತೀರಿ" ಎಂಬ ಫೋನು.

ಗಂಟೆಗೆ ಎಷ್ಟು

ಹಂಗಾಮು ಸುಮಾರು ನೂರು ದಿನ. ದಿನಕ್ಕೆ 40 ಕ್ವಿಂಟಲ್ ಹಸಿ ಅಡಿಕೆ ಎಂದರೆ ಒಟ್ಟು 4,000 ಕ್ವಿಂಟಲ್. ಕ್ವಿಂಟಲ್ ಹಸಿಗೆ ಹನ್ನೆರಡೂವರೆ ಕೆಜಿ ಒಣ ಅಡಿಕೆ ಹಿಡಿದರೆ 500 ಕ್ವಿಂಟಲ್. ಲೆಕ್ಕಕ್ಕೆ ಕ್ವಿಂಟಲಿಗೆ 50,000 ರೂಪಾಯಿ ಇಟ್ಟುಕೊಂಡರೆ ವಹಿವಾಟು ಎರಡೂವರೆ ಕೋಟಿ. ಖರ್ಚೆಲ್ಲ ಕಳೆದು ನೂರಕ್ಕೆ ಆರು ಉಳಿದರೆ 15 ಲಕ್ಷ. ಮಾಲೀಕರು ದುಡಿದದ್ದು 1,300 ಗಂಟೆ. ಭಾಗಿಸಿದರೆ ಗಂಟೆಗೆ 1,150 ರೂಪಾಯಿಯ ಹತ್ತಿರ.

ಹೊತ್ತಿನ ಬೆಲೆ ಹೇಳಿಕೊಡುವ ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ಆದರೆ ಈ ಸರಾಸರಿ ಕೆಲಸಕ್ಕೆ ಬರುವುದಿಲ್ಲ, ಎಲ್ಲ ಗಂಟೆಗೂ ಒಂದೇ ಬೆಲೆ ಎಂದು ಅದು ನಂಬಿಸುತ್ತದೆ. ಗಂಟೆಗಳನ್ನು ಬಿಡಿಬಿಡಿಯಾಗಿ ತೂಗಬೇಕು.

ತೋಟ ನೋಡುವ ಕೆಲಸ ತೆಗೆದುಕೊಳ್ಳಿ. ಹಸಿ ಅಡಿಕೆಗೆ ದರ ಕಟ್ಟುವುದು, ಅದು ಒಣಗಿದಾಗ ಎಷ್ಟು ಇಳಿಯುತ್ತದೆ ಎಂಬ ಅಂದಾಜಿನ ಮೇಲೆ. ಎಳೆ ಇದ್ದರೆ ಒಂದು, ಬಲಿತಿದ್ದರೆ ಒಂದು, ಸಿಪ್ಪೆ ದಪ್ಪವಿದ್ದರೆ ಇನ್ನೊಂದು. ಕ್ವಿಂಟಲಿಗೆ ಅರ್ಧ ಕೆಜಿ ತಪ್ಪಿದರೆ 250 ರೂಪಾಯಿ ಹೋಯಿತು. ಇವರ ಲಾಭವನ್ನು ಹಸಿ ಕ್ವಿಂಟಲಿಗೆ ಇಳಿಸಿದರೆ ಸಿಗುವುದೇ 375. ಅಂದರೆ ಅರ್ಧ ಕೆಜಿಯ ತಪ್ಪು ಮೂರರಲ್ಲಿ ಎರಡು ಪಾಲು ಲಾಭ ತಿನ್ನುತ್ತದೆ. 60 ಕ್ವಿಂಟಲ್ ಹಸಿ ಅಡಿಕೆ ಬರುವ ಒಂದು ತೋಟದಲ್ಲಿ ಆ ತಪ್ಪಿನ ಬೆಲೆ 15,000. ಹೋಗಿ ಬಂದು, ಐದು ಕಡೆ ಒಂದೊಂದು ಗೊನೆ ಇಳಿಸಿ, ಇಪ್ಪತ್ತು ಅಡಿಕೆ ಕತ್ತರಿಸಿ ಒಳಗೆ ನೋಡಿ ಬರಲು ಎರಡು ಗಂಟೆ ಸಾಕು. ಗಂಟೆಗೆ 7,500 ಉಳಿಸುವ ಕೆಲಸ.

ಇನ್ನು ಫೋನು. ರೈಟರ್ ಸಂಬಳ 18,000. ತಿಂಗಳಿಗೆ 26 ದಿನ, ದಿನಕ್ಕೆ 9 ಗಂಟೆ ಎಂದರೆ ಗಂಟೆಗೆ 77 ರೂಪಾಯಿ. ಇವತ್ತಿನ ದರ ಹೇಳುವುದು 77 ರೂಪಾಯಿಯ ಕೆಲಸ. ಅದಕ್ಕೆ ಮಾಲೀಕರ 39 ಗಂಟೆ ಹೋಗುತ್ತಿತ್ತು, 7,500ರ ಕೆಲಸಕ್ಕೆ ಒಂಬತ್ತು ಗಂಟೆ ಸಿಗುತ್ತಿತ್ತು. ತೋಟ ನೋಡದೆ, "ಹೋದ ವರ್ಷದ ಹಾಗೇ ಇರ್ತದೆ" ಎಂದು ಫೋನಿನಲ್ಲೇ ದರ ಮುಗಿಸಿದ ತೋಟಗಳು ಆ ಎರಡು ವಾರದಲ್ಲಿ ಐದು.

ಹಂಡೆಯ ಮುಂದೆ ಹನ್ನೊಂದು ನಿಮಿಷ

ದಾಖಲೆಯ ಒಂಬತ್ತನೇ ದಿನದ ಸಂಜೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಆರು ಹತ್ತಕ್ಕೆ ಎರಡನೇ ಹಂಡೆ ಕುದಿ ಬಂದು ಹದಕ್ಕೆ ಹತ್ತಿರವಾಗಿತ್ತು. ಜಾಲರಿ ಸೌಟಿನಲ್ಲಿ ಎತ್ತಿ, ಏಳೆಂಟು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ "ಇಳಿಸಿ" ಎನ್ನುವುದು ಮಾಲೀಕರೇ. ಬೆಂದದ್ದು ಕಡಿಮೆಯಾದರೆ ನಡುವೆ ಬಿಳಿ ಉಳಿದು ಮುಂದೆ ಬೂಸಲಿಗೆ ದಾರಿ. ಹೆಚ್ಚಾದರೆ ಒಗರು ನೀರಿಗೆ ಬಿಟ್ಟು ಅಡಿಕೆ ಸುಕ್ಕಾಗಿ ತೂಕ ಇಳಿಯುತ್ತದೆ.

ಮೊದಲ ಅಡಿಕೆ ಸೀಳುವಾಗ ಫೋನು. ದರ ಕೇಳಿದರು, ಹೇಳಿದ್ದಾಯಿತು. ಎರಡನೆಯದು ಲಾರಿಯವನದು. ಮೂರನೆಯದು ಬಾಕಿ ಹಣ ಕೇಳಿ. ಲೆಕ್ಕದ ಪುಸ್ತಕ ನೋಡಲು ಒಳಗೆ ಹೋದರು. ಅಲ್ಲಿ ಯಾರೋ ಕೂತಿದ್ದರು, "ಬಂದೆ, ಒಂದು ನಿಮಿಷ" ಎಂದರು. ಹೊರಗೆ ಬಂದಾಗ ಆರು ಇಪ್ಪತ್ತೊಂದು. ಮೇಸ್ತ್ರಿ ಸೌಟು ಹಿಡಿದು ನಿಂತೇ ಇದ್ದ. ಹದ ಮೀರಿತ್ತು.

"ಇಳಿಸಬಾರದಿತ್ತಾ?" ಎಂದು ಕೇಳಿದರೆ ಅವನ ಉತ್ತರ: "ನೀವು ಹೇಳ್ದೆ ಹ್ಯಾಂಗೆ ಇಳ್ಸದು ಅಣ್ಣ?"

ಇಪ್ಪತ್ತು ವರ್ಷ ಹಂಡೆ ಮುಂದೆ ನಿಂತ ಮೇಸ್ತ್ರಿಗೆ ಹದ ಗೊತ್ತಿಲ್ಲದ್ದಲ್ಲ, ಇಳಿಸುವ ಅಧಿಕಾರ ಇರಲಿಲ್ಲ. ಈ ಪ್ರಕರಣದ ಬೇರು ಇಲ್ಲಿದೆ. ಮಾಲೀಕರ ಹೊತ್ತು ಕದಿಯುತ್ತಿದ್ದುದು ಫೋನಲ್ಲ. ದರ, ಯಾರಿಗೆ ಎಷ್ಟು ಮುಂಗಡ ಕೊಡಬಹುದು, ಯಾವ ತೋಟದ ಮಾಲು ಎಷ್ಟು ಇಳಿಯುತ್ತದೆ, ಯಾರ ಬಾಕಿ ಎಷ್ಟು — ಎಲ್ಲವೂ ಅವರ ತಲೆಯಲ್ಲಿ ಮಾತ್ರ ಇತ್ತು. ತಲೆಯಲ್ಲಿದ್ದುದು ಬೇಕಾದವರೆಲ್ಲ ತಲೆಯ ಹತ್ತಿರವೇ ಬರಬೇಕು. ಫೋನು ಆಫ್ ಮಾಡಿದ್ದರೆ ಅವರು ನಡೆದು ಬರುತ್ತಿದ್ದರು, ಅಷ್ಟೇ ವ್ಯತ್ಯಾಸ.

ತಲೆಯಿಂದ ಕಾಗದಕ್ಕೆ

ನವೆಂಬರ್ ಮೊದಲ ವಾರದಿಂದ ಬದಲಾವಣೆ ಶುರುವಾಯಿತು. ಒಟ್ಟಿಗೆ ಎಲ್ಲ ಅಲ್ಲ, ವಾರಕ್ಕೆ ಎರಡು.

ಮೊದಲನೆಯದು ತೋಟದ ಪುಸ್ತಕ. ಒಂದು ತೋಟಕ್ಕೆ ಒಂದು ಪುಟ: ಎಷ್ಟು ಕೊಯ್ಲು, ಪ್ರತಿ ಕೊಯ್ಲಿನ ತಾರೀಕು, ಹಸಿ ತೂಕ, ಕಟ್ಟಿದ ಅಂದಾಜು, ಒಣಗಿದ ಮೇಲೆ ಬಂದ ನಿಜ ತೂಕ, ಕೊಟ್ಟ ಮುಂಗಡ, ಬಾಕಿ. ಹಿಂದಿನ ಎರಡು ಹಂಗಾಮಿನ ಬಿಲ್ಲುಗಳಿಂದ ಇದನ್ನು ತುಂಬಲು ರೈಟರಿಗೆ ನಾಲ್ಕು ರಾತ್ರಿ ಹಿಡಿಯಿತು. ಇದು ಆದ ಮೇಲೆ ಬಾಕಿ ಕೇಳಿ ಬಂದ ಕರೆಗೆ ಮಾಲೀಕರು ಬೇಕಾಗಲೇ ಇಲ್ಲ. ಬೇಸರದ ಕೆಲಸ, ನಿಜ; ಆದರೆ ಮುಂದಿನ ಎಲ್ಲ ಬದಲಾವಣೆಯೂ ಇದರ ಮೇಲೆ ನಿಂತಿದೆ. ಇದನ್ನು ಬಿಟ್ಟು ನೇರವಾಗಿ ಕೆಲಸ ಹಂಚಲು ಹೋದವರು ಹದಿನೈದು ದಿನದಲ್ಲಿ ಹಳೆಯ ಸ್ಥಿತಿಗೇ ಮರಳುತ್ತಾರೆ, ಕೇಳಿದ್ದಕ್ಕೆ ರೈಟರ್ "ಅಣ್ಣನ್ನ ಕೇಳಿ ಹೇಳ್ತೇನೆ" ಎನ್ನುವುದು ತಪ್ಪುವುದಿಲ್ಲವಲ್ಲ.

ಎರಡನೆಯದು ದರದ ಹಲಗೆ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಒಣ ಅಡಿಕೆ ದರ್ಜೆಗಳ ದರ ಪೇಪರಿನಲ್ಲಿ, ಮೊಬೈಲಿನಲ್ಲಿ ಎಲ್ಲರಿಗೂ ಸಿಗುತ್ತದೆ. ಬೆಳೆಗಾರರು ಕೇಳುವುದು ಅದನ್ನಲ್ಲ, ನನ್ನ ಹಸಿ ಅಡಿಕೆಗೆ ನೀವು ಎಷ್ಟು ಕೊಡ್ತೀರಿ ಎಂದು. ಬೆಳಗ್ಗೆ ಎಂಟಕ್ಕೆ ಮೂಲ ದರ ಹಲಗೆಯ ಮೇಲೆ. ನಾಳೆ ಎಂಟರವರೆಗೆ ಅದೇ. ಕೆಳಗೆ ಕೂಡುವ–ಕಳೆಯುವ ಪಟ್ಟಿ: ಹಣ್ಣಡಿಕೆ ಬೆರಕೆ ಇದ್ದರೆ ಇಷ್ಟು ಕಡಿಮೆ, ಕೊಯ್ದು ಎರಡು ದಿನ ರಾಶಿ ಹಾಕಿ ಕಾವು ಬಂದಿದ್ದರೆ ಇಷ್ಟು ಕಡಿಮೆ, 20 ಕ್ವಿಂಟಲಿಗಿಂತ ಹೆಚ್ಚು ಒಟ್ಟಿಗೆ ತಂದರೆ ರೈಟರ್ ತಾನೇ 50 ರೂಪಾಯಿವರೆಗೆ ಏರಿಸಬಹುದು. ಮಾಲೀಕರಿಗೆ ಇದು ಕಷ್ಟದ ತುತ್ತು. ಹಲಗೆಗೆ ಬರೆದರೆ ಎದುರಾಳಿ ಷೆಡ್ಡಿನವರಿಗೂ ಕಾಣುತ್ತದಲ್ಲ? ಕಾಣುತ್ತದೆ. ಆದರೆ ದಿನಕ್ಕೆ 46 ಜನಕ್ಕೆ ಫೋನಿನಲ್ಲಿ ಹೇಳಿದ ದರ ಬೆಳಗ್ಗೆ ಹತ್ತರೊಳಗೆ ಅವರಿಗೆ ಹೇಗೂ ಮುಟ್ಟುತ್ತಿತ್ತು.

ಮೂರನೆಯದು ಹಂಗಾಮಿನ ನಂಬರ್. ಹೊಸ ಸಿಮ್, ಸಾದಾ ಮೊಬೈಲ್, ರೈಟರ ಮೇಜಿನ ಮೇಲೆ. ಮಾಲೀಕರ ಹಳೇ ನಂಬರಿಗೆ ಬಂದ ಕರೆಗಳು ಷೆಡ್ಡಿನ ಹೊತ್ತಿನಲ್ಲಿ ಅಲ್ಲಿಗೇ ತಿರುಗುತ್ತವೆ. ಮಾಲೀಕರು ತಾವಾಗಿ ತಿರುಗಿ ಮಾಡುವುದು ಮಧ್ಯಾಹ್ನ ಒಂದೂವರೆಯಿಂದ ಎರಡೂಕಾಲು, ರಾತ್ರಿ ಏಳೂವರೆಯಿಂದ ಎಂಟೂಕಾಲು. ನಡುವೆ ಕರೆಯಬಹುದಾದ ಕಾರಣ ನಾಲ್ಕೇ, ಮೇಜಿನ ಗಾಜಿನ ಕೆಳಗೆ ಬರೆದು ಇಟ್ಟದ್ದು: ಯಾರಿಗಾದರೂ ಪೆಟ್ಟಾದರೆ, ಬೆಂಕಿ ಅಥವಾ ಕರೆಂಟಿನ ಅಪಾಯ, ಮಾಲು ತುಂಬಿದ ಲಾರಿ ದಾರಿಯಲ್ಲಿ ನಿಂತರೆ, ಎರಡು ಲಕ್ಷಕ್ಕೆ ಮೀರಿದ ಹಣದ ವಿಷಯ.

ಹಂಡೆ ಇಳಿಸುವುದು ಮೇಸ್ತ್ರಿಗೆ. ಹತ್ತು ದಿನ ಇಬ್ಬರೂ ನಿಂತು ಒಂದೇ ಅಡಿಕೆ ಸೀಳಿ ಬೇರೆಬೇರೆಯಾಗಿ ಹೇಳುವುದು, ಆಮೇಲೆ ತಾಳೆ ನೋಡುವುದು. 60 ಹಂಡೆಯಲ್ಲಿ 55 ತಾಳೆಯಾಯಿತು. ಅಲ್ಲಿಂದ ಮುಂದೆ ಮಾಲೀಕರು ದಿನಕ್ಕೆ ಎರಡು ಹಂಡೆ ಮಾತ್ರ, ಯಾವುದು ಎಂದು ಮೊದಲೇ ಹೇಳದೆ, ನೋಡುತ್ತಾರೆ.

ಶಿವಮೊಗ್ಗ ಓಡಾಟಕ್ಕೆ ಬುಧವಾರ ಒಂದೇ ದಿನ. ಅರವತ್ತು ಕಿಲೋಮೀಟರ್ ಎಂದರೆ ಮಂಡಗದ್ದೆ, ಗಾಜನೂರು ದಾಟಿ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಮೂರು ಗಂಟೆ ರಸ್ತೆಗೇ. ಐದು ಓಡಾಟದಲ್ಲಿ ಎರಡು ಬರೀ ಸ್ಯಾಂಪಲ್ ಕೊಡಲು, ಒಂದು ಆಡಿಟರಿಗೆ ಬಿಲ್ ಮುಟ್ಟಿಸಲು. ಸ್ಯಾಂಪಲನ್ನು ಚೀಟಿ ಹಚ್ಚಿ ಬೆಳಗಿನ ಬಸ್ಸಿಗೆ ಹಾಕಿದರೆ ಹತ್ತೂವರೆಗೆ ಮಂಡಿ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾನೆ, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಲ್ಲುಗಳ ಫೋಟೋ ರೈಟರ್ ಪ್ರತಿ ಶನಿವಾರ ಆಡಿಟರಿಗೆ ಕಳಿಸುತ್ತಾನೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ತಿಂಗಳ 11 ಜಿಎಸ್‌ಟಿಆರ್-1ಕ್ಕೆ, 20 3ಬಿಗೆ ಕೊನೆಯ ದಿನ. ಆ ಎರಡು ತಾರೀಕಿನ ಹಿಂದಿನ ರಾತ್ರಿಯ ಗಡಿಬಿಡಿ ಇದರಿಂದಲೇ ತಪ್ಪಿತು. ಚೆಕ್ಕಿಗೆ ಸಹಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ ಮಾತ್ರ. 10,000 ರೂಪಾಯಿವರೆಗಿನ ಮುಂಗಡ, ತೋಟದ ಪುಸ್ತಕದ ಲೆಕ್ಕದಲ್ಲಿ ಅದಕ್ಕೆ ಅವಕಾಶ ಇದ್ದರೆ, ರೈಟರೇ ಕೊಡಬಹುದು.

ಬಂದವರನ್ನು ತಡೆಯುವ ಪ್ರಯತ್ನ ಮಾಡಲಿಲ್ಲ. ಈ ಕಡೆ ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ಅದು ಹೊತ್ತು ಉಳಿಸಿದ್ದಾಗುವುದಿಲ್ಲ, ಮಾತು ಕೆಡಿಸಿಕೊಂಡದ್ದಾಗುತ್ತದೆ. ಬದಲಿಗೆ ಬೆಳಗ್ಗೆ ಒಂಬತ್ತೂವರೆಯಿಂದ ಹತ್ತೂವರೆ ಮಾಲೀಕರು ತೂಕದ ಕಾಟಾ ಪಕ್ಕದ ಬೆಂಚಿನ ಮೇಲೆ ಇದ್ದೇ ಇರುತ್ತಾರೆ, ಯಾರು ಬೇಕಾದರೂ ಬರಬಹುದು. ಖಚಿತವಾಗಿ ಸಿಗುವ ಒಂದು ಗಂಟೆ ಇದ್ದರೆ ಜನ ಉಳಿದ ಹನ್ನೆರಡು ಗಂಟೆ ಹುಡುಕಿಕೊಂಡು ಬರುವುದಿಲ್ಲ.

ಎಲ್ಲೆಲ್ಲಿ ಕೈಕೊಟ್ಟಿತು

ಮೊದಲು ಕೈಕೊಟ್ಟದ್ದು ವಾಟ್ಸಾಪ್. ದರವನ್ನು ಹಲಗೆಯ ಜೊತೆಗೆ ಹೊಸ ನಂಬರಿನಿಂದ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹಾಕುವುದೆಂದು ರೈಟರ ಸ್ವಂತ ಮೊಬೈಲಿನಲ್ಲಿ ಅದರ ವಾಟ್ಸಾಪ್ ತೆರೆದರು. ಮೂರು ದಿನವಾದರೂ ಕರೆಗಳು ಇಳಿಯಲಿಲ್ಲ. ಕಾರಣ ಸಣ್ಣದು: ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ. ಹೊಸ ನಂಬರನ್ನು ಯಾರೂ ಸೇವ್ ಮಾಡಿಕೊಂಡಿರಲಿಲ್ಲ. ತೂಕದ ಚೀಟಿಯ ತಲೆಯ ಮೇಲೆ ದೊಡ್ಡದಾಗಿ ನಂಬರ್ ಅಚ್ಚು ಹಾಕಿಸಿ, ಮಾಲು ತಂದವರ ಮೊಬೈಲಿಗೆ ಅಲ್ಲೇ ಸೇವ್ ಮಾಡಿಕೊಟ್ಟು ಕಳಿಸಿದ ಮೇಲೆ ಸರಿಹೋಯಿತು. ಸಿಗ್ನಲ್ ಸಿಗದ ಹಳ್ಳಿಗಳವರಿಗೆ ಮಾತ್ರ ಹಾಲಿನ ಡೇರಿಯ ಗೋಡೆಗೆ ಚೀಟಿ ಅಂಟಿಸುವುದೇ ದಾರಿಯಾಯಿತು.

ಎರಡನೆಯದು ರೈಟರ ತಪ್ಪು. ದರ ಕ್ವಿಂಟಲಿಗೆ 150 ಇಳಿದ ದಿನ ಹಲಗೆ ಅಳಿಸುವುದು ಮರೆತು 22 ಕ್ವಿಂಟಲ್ ಹಿಂದಿನ ದಿನದ ದರಕ್ಕೆ ಕೊಂಡ. ನಷ್ಟ 3,300. ಮಾಲೀಕರು ಆ ಸಂಜೆಯೇ ಫೋನನ್ನು ಕಸಿದುಕೊಳ್ಳುವ ಹಂತಕ್ಕೆ ಬಂದಿದ್ದರು. ತಿರುಗಿ ಅವರಿಗೆ ತೋರಿಸಿದ್ದು ಹಂಡೆಯ ಆ ಹನ್ನೊಂದು ನಿಮಿಷವನ್ನು. ಅಲ್ಲಿ ಹೋದ ತೂಕದ ಬೆಲೆಯನ್ನು ಯಾರೂ ಯಾರ ಲೆಕ್ಕಕ್ಕೂ ಬರೆದಿರಲಿಲ್ಲ. ಆಮೇಲೆ ಒಪ್ಪಿಕೊಂಡ ಮಿತಿ: ತಿಂಗಳಿಗೆ 10,000ದ ಒಳಗಿನ ತಪ್ಪು ಕಲಿಕೆಯ ಖರ್ಚು, ಬೈಯುವಂತಿಲ್ಲ, ಅದೇ ತಪ್ಪು ಎರಡನೇ ಸಲ ಆದರೆ ಕೂತು ಮಾತಾಡುವುದು. ಹಲಗೆ ಅಳಿಸಿ ಹೊಸ ದರ ಬರೆಯದೆ ಕಾಟಾ ಆನ್ ಮಾಡಬಾರದು ಎಂಬ ನಿಯಮವೂ ಆಗಲೇ ಬಂದದ್ದು.

ಮೂರನೆಯದು ನೋವಿನದು. ಮೂವತ್ತು ವರ್ಷದಿಂದ ಇವರಿಗೇ ಮಾಲು ಹಾಕುತ್ತಿದ್ದ ಹಿರಿಯ ಬೆಳೆಗಾರರೊಬ್ಬರು ಮೂರು ಸಲ ಫೋನ್ ಮಾಡಿ ಮೂರು ಸಲವೂ ರೈಟರ ದನಿ ಕೇಳಿ, ನಾಲ್ಕನೇ ಕೊಯ್ಲನ್ನು ಬೇರೆ ಷೆಡ್ಡಿಗೆ ಕೊಟ್ಟರು. ಸಿಕ್ಕಾಗ ಹೇಳಿದ್ದು ಇಷ್ಟು: "ಎಂಥದು ಮಾರಾಯ್ರೇ, ನಿಮ್ಮಪ್ಪ ಇರುವಾಗ ಫೋನೇ ಇರಲಿಲ್ಲ, ಆದರೂ ಮಾತಿಗೆ ಸಿಗ್ತಿದ್ರು." ದರಕ್ಕೆ ಅವರು ಫೋನ್ ಮಾಡುತ್ತಿರಲಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಗಾದೆ ಅಡಿಕೆ ವ್ಯಾಪಾರದಲ್ಲೇ ಅಕ್ಷರಶಃ ನಿಜವಾಗಿದ್ದು ಹೀಗೆ. ಆ ಮೇಲೆ ಹನ್ನೊಂದು ಮನೆಗಳ ಒಂದು ಪಟ್ಟಿ ಮಾಡಿದರು. ಆ ಹನ್ನೊಂದು ಕರೆ ಬಂದರೆ ರೈಟರ್ ಮಾತಾಡದೆ ನೇರ ಮಾಲೀಕರಿಗೆ ದಾಟಿಸುತ್ತಾನೆ. ಪಟ್ಟಿ ಹದಿನೈದು ದಾಟಬಾರದು ಎಂದೂ ತೀರ್ಮಾನವಾಯಿತು, ಇಲ್ಲದಿದ್ದರೆ ಅರವತ್ತೂ ಮನೆ ಅದರೊಳಗೆ ಬಂದುಬಿಡುತ್ತವೆ.

ನಾಲ್ಕನೆಯದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮಾಲೀಕರ ದಾಖಲೆಯಲ್ಲಿ ಷೆಡ್ಡಿನ ತಕರಾರು ಇಳಿಯುತ್ತಿತ್ತು. ಆದರೆ ಮಾಲೀಕರ ಹೆಂಡತಿಯ ಮೊಬೈಲಿಗೆ ದಿನಕ್ಕೆ ಇಪ್ಪತ್ತೆರಡು ಕರೆ ಬರತೊಡಗಿದ್ದವು. "ಅಣ್ಣ ಸಿಗ್ತಾ ಇಲ್ಲ, ನೀವೇ ಒಂಚೂರು ಹೇಳಿ ಅಕ್ಕ" ಎಂದು ಮೇಸ್ತ್ರಿ, ಸುಲಿಯುವ ಹೆಂಗಸರು, ಲಾರಿಯವನು, ಎಲ್ಲರೂ. ಅಡುಗೆ, ಕೊಟ್ಟಿಗೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ — ಇವುಗಳ ನಡುವೆ ಅವರು ಅದನ್ನೆಲ್ಲ ತೂಗಿಸುತ್ತಿದ್ದರು. ಒಬ್ಬರ ಹೊತ್ತು ಕಾಯ್ದದ್ದು ಇನ್ನೊಬ್ಬರ ಹೊತ್ತಿನ ಖರ್ಚಿನಲ್ಲಿ. ಮನೆತನದ ವ್ಯಾಪಾರಗಳಲ್ಲಿ ಇದು ಸಾಮಾನ್ಯ, ದಾಖಲೆ ಇಟ್ಟವರು ಮಾತ್ರ ಕಡಿಮೆ. ಅವರಿಗೂ ಒಂದು ವಾರದ ಪುಸ್ತಕ ಕೊಟ್ಟಾಗ ಕಂಡದ್ದು: ಕೂಲಿ ಲೆಕ್ಕ ಮತ್ತು ಹೆಂಗಸರ ಹಾಜರಿ ಮೊದಲಿನಿಂದಲೂ ಅವರದೇ ಕೈಯಲ್ಲಿತ್ತು, ಹೆಸರಿಗೆ ಮಾತ್ರ ಮಾಲೀಕರದ್ದು. ಅದನ್ನು ಬಾಯಿಬಿಟ್ಟು ಅವರ ಕೆಲಸ ಎಂದು ಒಪ್ಪಿಸಲಾಯಿತು. ಸಂತೆಯ ಹಿಂದಿನ ದಿನದ ಬಟವಾಡೆ, ಹಾಜರಿ, ರಜೆ ಅವರದು. ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಷೆಡ್ಡಿನಲ್ಲಿ ಅವರಿಗೆ ಸ್ವಂತ ಮೇಜು. ಆ ಹೊತ್ತಿನಲ್ಲಿ ಅತ್ತೆಯ ಹತ್ತಿರ ಕೂರಲು ಒಬ್ಬ ಹೆಂಗಸಿಗೆ ಸಂಬಳ, ಷೆಡ್ಡಿನ ಖರ್ಚಿನಲ್ಲಿ. ಉಳಿದ ಹೊತ್ತಿನ ಕರೆ ಹಂಗಾಮಿನ ನಂಬರಿಗೇ.

ಐದನೆಯದು ಸ್ವತಃ ಮಾಲೀಕರು. ಒಂದೂವರೆಗೆ ತಿರುಗಿ ಮಾಡುತ್ತೇನೆ ಎಂದು ಹೇಳಿಸಿ ಎರಡು ಸಲ ಮಾಡಲಿಲ್ಲ. ಮಾರನೇ ದಿನ ಕರೆಗಳು ಮೊದಲಿನಷ್ಟೇ.

ಡಿಸೆಂಬರಿನ ಪುಸ್ತಕ

ಡಿಸೆಂಬರ್ ನಡುವಿನಲ್ಲಿ ಮತ್ತೆ ಹದಿನಾಲ್ಕು ದಿನ ಬರೆದರು. ಒಟ್ಟು 154 ಗಂಟೆ, ದಿನಕ್ಕೆ 11. ಫೋನು 39ರಿಂದ 14ಕ್ಕೆ, ಷೆಡ್ಡಿನ ತಕರಾರು 17ಕ್ಕೆ, ಶಿವಮೊಗ್ಗ ಎರಡು ಸಲ 13 ಗಂಟೆ, ಬಂದವರ ಜೊತೆ 17, ಚೆಕ್ ಮತ್ತು ಬಿಲ್ 8. ಊಟ, ಮದುವೆ, ಸಮಿತಿ ಇತ್ಯಾದಿ 26ಕ್ಕೆ ಏರಿತು. ಅದು ನಷ್ಟವಲ್ಲ, ಮಧ್ಯಾಹ್ನ ಕೂತು ಉಣ್ಣತೊಡಗಿದ್ದೂ ಅದರಲ್ಲೇ ಸೇರಿದೆ. ತೋಟ ನೋಡುವುದು 24, ಹದ ಮತ್ತು ಮಾಲಿನ ಪರೀಕ್ಷೆ 21, ಮಾರಾಟ 14. ಮೂರೂ ಸೇರಿ 59 ಗಂಟೆ, ನೂರಕ್ಕೆ 38.

ಲಾಭ ಇಷ್ಟು ಏರಿತು ಎಂದು ಇದರಿಂದ ಹೇಳುವುದು ಮೋಸ. ಅಡಿಕೆ ದರ ಒಂದೇ ತಿಂಗಳಲ್ಲಿ ಕ್ವಿಂಟಲಿಗೆ ಸಾವಿರಗಟ್ಟಲೆ ಏರಿಳಿಯುವ ವ್ಯಾಪಾರದಲ್ಲಿ ಯಾವ ರೂಪಾಯಿ ಹೊತ್ತಿನಿಂದ ಬಂತು, ಯಾವುದು ಮಾರುಕಟ್ಟೆಯಿಂದ ಎಂದು ಬಿಡಿಸಲಾಗದು. ನೋಡಬಹುದಾದದ್ದು ತೋಟದ ಪುಸ್ತಕದ ಎರಡು ಕಾಲಂ: ಅಂದಾಜು ಮತ್ತು ನಿಜ ತೂಕ. ಫೋನಿನಲ್ಲೇ ದರ ಮುಗಿಸಿದ ಐದು ತೋಟದಲ್ಲಿ ಕ್ವಿಂಟಲಿಗೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿವರೆಗೆ ವ್ಯತ್ಯಾಸ ಬಂದಿತ್ತು. ಡಿಸೆಂಬರಿನಲ್ಲಿ ಹೋಗಿ ನೋಡಿದ ಹನ್ನೆರಡು ತೋಟದಲ್ಲಿ ಒಂದನ್ನು ಬಿಟ್ಟರೆ ಅರ್ಧ ಕೆಜಿ ದಾಟಲಿಲ್ಲ. ಆ ಒಂದು, ಅಕಾಲದ ಮಳೆಯಲ್ಲಿ ಅಂಗಳದಲ್ಲೇ ನೆನೆದ ಮಾಲು, ಅದಕ್ಕೆ ಯಾರ ವೇಳಾಪಟ್ಟಿಯೂ ಉತ್ತರವಲ್ಲ.

ಸರಿಹೋಗದೆ ಉಳಿದದ್ದೂ ಇದೆ. ಸೊಸೈಟಿಯ ನಿರ್ದೇಶಕ ಸ್ಥಾನ ಬಿಡಬೇಕೆ ಎಂಬುದು ತೀರ್ಮಾನವಾಗಿಲ್ಲ. ಮೀಟಿಂಗಿನಲ್ಲಿ ಹೊತ್ತು ಹೋಗುತ್ತದೆ, ಆದರೆ ತೋಟಗಳ ಸುದ್ದಿ ಮೊದಲು ಸಿಗುವುದೂ ಅಲ್ಲೇ. ಇದನ್ನು ಹಂಗಾಮಿನ ನಡುವೆ ತೀರ್ಮಾನಿಸುವುದು ಬೇಡ, ಮಳೆಗಾಲಕ್ಕೆ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಜೂನ್‌ನಿಂದ ಆಗಸ್ಟ್‌ವರೆಗೆ ಷೆಡ್ಡಿಗೆ ಕೆಲಸ ಕಡಿಮೆ. ಹಲಗೆಯ ಕೂಡುವ–ಕಳೆಯುವ ಪಟ್ಟಿ ತಿದ್ದುವುದು, ರೈಟರ್ ಕೊಡಬಹುದಾದ ಮುಂಗಡದ ಮಿತಿ 10,000ದಿಂದ ಏರಿಸಬೇಕೆ ಎಂದು ನೋಡುವುದು, ಹನ್ನೊಂದು ಮನೆಯ ಪಟ್ಟಿ ಪರಿಷ್ಕರಿಸುವುದು, ಹದ ಕಲಿಸಿ ಎರಡನೇ ಮೇಸ್ತ್ರಿ ಮಾಡಲು ಯಾರನ್ನು ಆರಿಸುವುದು, ಎಲ್ಲವೂ ಆಗ.

ಇನ್ನೊಂದು ಸಣ್ಣ ವಿಷಯ, ಮರೆತರೆ ದುಬಾರಿಯಾಗುವಂಥದ್ದು. ಫೆಬ್ರವರಿಯಲ್ಲಿ ಹಂಗಾಮು ಮುಗಿದಾಗ ಆ ಹೊಸ ಸಿಮ್ಮನ್ನು ಮೇಜಿನ ಖಾನೆಗೆ ಹಾಕಿ ಮರೆಯಬಾರದು. ಪ್ರೀಪೇಡ್ ನಂಬರನ್ನು ತಿಂಗಳುಗಟ್ಟಲೆ ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಅಷ್ಟು ಜನರ ಮೊಬೈಲಿನಲ್ಲಿ ಒಂದೊಂದಾಗಿ ಸೇವ್ ಮಾಡಿಸಿದ ನಂಬರ್ ಅದು. ರೈಟರ ಕ್ಯಾಲೆಂಡರಿನಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳ ಒಂದನೇ ತಾರೀಕಿಗೆ ಕೆಂಪು ಗುರುತು ಹಾಕಿಟ್ಟಿದೆ: ರೀಚಾರ್ಜ್ ಮಾಡಿ, ಒಂದು ಕರೆ ಮಾಡಿ ನೋಡು.